ದಿನ ಹೇಳುವ ಧೈರ್ಯ

ಪ್ರಶ್ನೆ ಇಟ್ಟದ್ದು ಜಿಯಾಶೆನ್ ಎಂಬ ದಿನ. ಇಟ್ಟವನು ಚುವೆ, ಚೀನಾದ ಶಾಂಗ್ ವಂಶದ ದೊರೆ ವು ಡಿಂಗ್‌ನ ಆಸ್ಥಾನದಲ್ಲಿ ಶಕುನ ನೋಡುತ್ತಿದ್ದವನು. ವಿಷಯ ರಾಣಿ ಫು ಹಾವ್‌ಳ ಹೆರಿಗೆ. ಆಮೆಯ ಹೊಟ್ಟೆಚಿಪ್ಪಿನ ಒಳಮೈಯಲ್ಲಿ ಸಣ್ಣ ಗುಳಿ ಕೊರೆದು ಅಲ್ಲಿಗೆ ಬಿಸಿ ತಾಗಿಸಿದರು. ಚಿಪ್ಪು ಬಿರುಕು ಬಿಟ್ಟಿತು. ಬಿರುಕನ್ನು ನೋಡಿ ದೊರೆಯೇ ಫಲ ಹೇಳಿದ: ಡಿಂಗ್ ದಿನ ಹೆರಿಗೆಯಾದರೆ ಒಳ್ಳೆಯದು, ಗೆಂಗ್ ದಿನವಾದರೆ ಬಹಳ ಶುಭ. ಮುಂದೆ ಏನಾಯಿತು ಎನ್ನುವುದನ್ನೂ ಅದೇ ಚಿಪ್ಪಿನ ಮೇಲೆ ಕೆತ್ತಿದ್ದಾರೆ. ಮೂವತ್ತೊಂದನೆಯ ದಿನ, ಜಿಯಾಯಿನ್‌ನಂದು, ಹೆರಿಗೆಯಾಯಿತು. ಒಳ್ಳೆಯದಾಗಲಿಲ್ಲ, ಹೆಣ್ಣು ಹುಟ್ಟಿತು.

ಇದು ಸುಮಾರು 3,200 ವರ್ಷ ಹಿಂದಿನ ಮಾತು. ಹೆಣ್ಣು ಹುಟ್ಟಿದ್ದನ್ನು ಅಶುಭವೆಂದು ಕೆತ್ತಿರುವುದನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ, ಅದರಲ್ಲೂ ಹೆತ್ತವಳು ಸ್ವತಃ ಸೈನ್ಯ ನಡೆಸಿದ ಹೆಂಗಸು. ಅವಳ ಸಮಾಧಿ 1976ರಲ್ಲಿ ಆನ್‌ಯಾಂಗ್‌ನಲ್ಲಿ, ಕಳ್ಳರ ಕೈ ಸೋಕದೆ, ಆಯುಧಗಳ ಸಮೇತ ಸಿಕ್ಕಿತು. ಆದರೆ ಆ ಚಿಪ್ಪಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಪ್ರಶ್ನೆ ಇಟ್ಟ ದಿನ, ದೊರೆ ಹೇಳಿದ ದಿನ, ನಿಜವಾಗಿ ನಡೆದ ದಿನ ಮೂರೂ ಒಂದೇ ಕಡೆ ದಾಖಲಾಗಿವೆ. ದೊರೆ ಹೇಳಿದ ಶುಭದಿನಗಳಲ್ಲಿ ಹೆರಿಗೆಯಾಗಲಿಲ್ಲ ಎನ್ನುವುದನ್ನೂ ಯಾರೂ ಅಳಿಸಿಲ್ಲ.

ಭವಿಷ್ಯ ಕೇಳಲು ಹೋದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡು: ಆಗುತ್ತದೆಯೇ? ಆದರೆ ಯಾವಾಗ? ಮೊದಲನೆಯದಕ್ಕೆ ಹೇಗೋ ಉತ್ತರ ಕೊಡಬಹುದು. ‘ಸ್ವಲ್ಪ ಅಡೆತಡೆ ಇದೆ, ಕೊನೆಗೆ ಕೈಗೂಡುತ್ತದೆ’ ಎಂದವನನ್ನು ಸುಳ್ಳುಗಾರ ಎನ್ನುವುದು ಕಷ್ಟ. ಎರಡನೆಯದು ಹಾಗಲ್ಲ. ದಿನ ಹೇಳಿದವನನ್ನು ಆ ದಿನ ಬಂದಾಗ ಹಿಡಿದು ಕೇಳಬಹುದು. ಚೀನಾದ ಶಕುನವಿದ್ಯೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯ ಪ್ರಶ್ನೆಯಿಂದ ಅದು ತಪ್ಪಿಸಿಕೊಳ್ಳಲಿಲ್ಲ ಎನ್ನುವುದೇ. ತಪ್ಪಿಸಿಕೊಳ್ಳುವುದಿರಲಿ, ಅದಕ್ಕಾಗಿಯೇ ದೊಡ್ಡದೊಂದು ಲೆಕ್ಕಾಚಾರವನ್ನು ಕಟ್ಟಿತು. ಫಲ ಕೈಗೂಡುವ ಕಾಲವನ್ನು ಅಲ್ಲಿಯವರು ‘ಯಿಂಗ್ ಛಿ’ ಎನ್ನುತ್ತಾರೆ.

ಇದನ್ನು ಮುಹೂರ್ತದ ಜೊತೆ ಬೆರೆಸಬಾರದು. ಮದುವೆಗೆ, ಮನೆ ಕಟ್ಟಲು, ಪಯಣ ಹೊರಡಲು ಒಳ್ಳೆಯ ದಿನ ಹುಡುಕುವ ಪದ್ಧತಿ ಚೀನಾದಲ್ಲೂ ಬಹಳ ಹಳೆಯದು. ಹುಬೆಯ್ ಪ್ರಾಂತದ ಶುಯ್‌ಹುಡಿಯಲ್ಲಿ 1975ರ ಕೊನೆಗೆ ಅಗೆದಾಗ, ಕ್ರಿ.ಪೂ. 217ರ ಸುಮಾರಿಗೆ ತೀರಿಕೊಂಡ ಒಬ್ಬ ಸಣ್ಣ ಸರ್ಕಾರಿ ಅಧಿಕಾರಿಯ ಸಮಾಧಿ ಸಿಕ್ಕಿತು. ಬಿದಿರಿನ ಪಟ್ಟಿಗಳ ಮೇಲೆ ಬರೆದ ಕಾನೂನಿನ ಜೊತೆಗೆ, ಯಾವ ದಿನ ಏನು ಮಾಡಬಹುದು, ಏನು ಕೂಡದು ಎಂದು ಹೇಳುವ ‘ದಿನದ ಪುಸ್ತಕ’ಗಳೂ ಅಲ್ಲಿದ್ದವು. ಅಲ್ಲಿ ಕೆಲಸ ನಮ್ಮದು, ಕಾಲವನ್ನು ಆರಿಸುವವರೂ ನಾವೇ. ಯಿಂಗ್ ಛಿಯಲ್ಲಿ ಹಾಗಿಲ್ಲ. ಕಾಗದ ಬರಬೇಕು, ಸಾಲ ವಾಪಸಾಗಬೇಕು, ಕಾಯಿಲೆ ಇಳಿಯಬೇಕು. ಯಾವುದೂ ನಮ್ಮ ಕೈಯಲ್ಲಿಲ್ಲ. ಕಾಯುವವನು ಕೇಳುವ ಪ್ರಶ್ನೆ ಅದು.

ಉತ್ತರ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಅವರ ಪಂಚಾಂಗ ಗೊತ್ತಿರಬೇಕು. ಶಾಂಗ್ ಕಾಲದಲ್ಲೇ ಹತ್ತು ‘ಕಾಂಡ’ಗಳೂ ಹನ್ನೆರಡು ‘ಶಾಖೆ’ಗಳೂ ಇದ್ದವು. ಜಿಯಾ, ಯಿ, ಬಿಂಗ್, ಡಿಂಗ್ ಎಂದು ಶುರುವಾಗುವುದು ಕಾಂಡ. ಜಿ, ಚೌ, ಯಿನ್, ಮಾವ್ ಎಂದು ಶುರುವಾಗಿ ಹಾಯ್‌ಗೆ ಮುಗಿಯುವುದು ಶಾಖೆ. ಇಲಿ, ಎತ್ತು, ಹುಲಿ, ಮೊಲ ಎಂದು ಪ್ರಾಣಿಗಳ ಹೆಸರಲ್ಲಿ ಲೋಕಕ್ಕೆಲ್ಲ ಗೊತ್ತಿರುವುದು ಇವೇ ಹನ್ನೆರಡು. ಎರಡನ್ನೂ ಜೊತೆಜೊತೆಗೆ ಎಣಿಸುತ್ತ ಹೋದರೆ ಅರವತ್ತು ಜೋಡಿಗಳಾಗಿ ಮತ್ತೆ ಮೊದಲಿಗೆ ಬರುತ್ತದೆ. ಪ್ರಭವ, ವಿಭವ ಎಂದು ಅರವತ್ತು ಸಂವತ್ಸರಗಳನ್ನು ಎಣಿಸುವ ನಮಗೆ ಈ ಸುತ್ತು ಹೊಸದೇನಲ್ಲ. ಆದರೆ ನಾವು ವರ್ಷಕ್ಕೆ ಮಾತ್ರ ಹಾಗೆ ಹೆಸರಿಡುತ್ತೇವೆ. ಅವರು ವರ್ಷ, ತಿಂಗಳು, ದಿನ, ಎರಡು ಗಂಟೆಗೊಮ್ಮೆ ಬದಲಾಗುವ ಹೊತ್ತು, ನಾಲ್ಕಕ್ಕೂ ಈ ಅರವತ್ತರಲ್ಲಿ ಒಂದು ಹೆಸರು ಕೊಟ್ಟರು. ದಿನಗಳ ಎಣಿಕೆಯಂತೂ ಸಾವಿರಾರು ವರ್ಷಗಳಿಂದ ನಿಂತಿಲ್ಲ. ಲೂ ರಾಜ್ಯದ ವೃತ್ತಾಂತದಲ್ಲಿ ಜಿಸಿ ಎಂಬ ದಿನ ಹಿಡಿದದ್ದಾಗಿ ಬರೆದಿರುವ ಸೂರ್ಯಗ್ರಹಣವನ್ನು ಖಗೋಳಜ್ಞರು ಕ್ರಿ.ಪೂ. 720ರ ಫೆಬ್ರವರಿ 22ಕ್ಕೆ ಹೊಂದಿಸಿದ್ದಾರೆ. ಅಲ್ಲಿಂದ ಎಣಿಸುತ್ತ ಬಂದರೆ ಇವತ್ತಿನ ದಿನದ ಹೆಸರಿಗೆ ಸರಿಯಾಗಿ ತಲುಪುತ್ತೇವೆ.

ಹೀಗಾಗಿ ಅಲ್ಲಿ ಪಂಚಾಂಗ ಬರೀ ತಾರೀಖಿನ ಪಟ್ಟಿಯಾಗಿ ಉಳಿಯಲಿಲ್ಲ. ಪ್ರತಿ ಶಾಖೆಗೂ ಮರ, ಬೆಂಕಿ, ಮಣ್ಣು, ಲೋಹ, ನೀರು ಇವುಗಳಲ್ಲಿ ಒಂದರ ಗುಣ. ಪ್ರತಿ ಶಾಖೆಗೂ ಒಂದು ಎದುರಾಳಿ, ಒಂದು ಸಂಗಾತಿ. ಜಿ ಮತ್ತು ವು ಎದುರುಬದುರು, ಜಿ ಮತ್ತು ಚೌ ಜೊತೆಗಾರರು. ಹಾಯ್‌ಗೆ ಸಿ ಎದುರು, ಯಿನ್ ಜೊತೆ. ಕಾಲಕ್ಕೆ ಹೀಗೆ ಗುಣ ಬಂದ ಮೇಲೆ ಕಾಲವೂ ಘಟನೆಯ ಒಂದು ಪಾತ್ರವಾಯಿತು. ಪಂಚಾಂಗ ಗುಣಿಸುವ ಅಧಿಕಾರವನ್ನು ಚಕ್ರವರ್ತಿಗಳು ತಮ್ಮ ಕೈಯಲ್ಲೇ ಬಿಗಿಯಾಗಿ ಹಿಡಿದುಕೊಂಡದ್ದೂ ಇದರಿಂದಲೇ ಇರಬೇಕು. ಟಾಂಗ್ ಆಳ್ವಿಕೆಯಲ್ಲಿ, 835ರಲ್ಲಿ, ಖಾಸಗಿಯವರು ಪಂಚಾಂಗ ಅಚ್ಚು ಹಾಕಿ ಮಾರುವುದನ್ನು ನಿಷೇಧಿಸಿ ಆಜ್ಞೆಯೇ ಹೊರಟಿತು. ಅದೇ ಟಾಂಗ್ ಆಸ್ಥಾನದ ಖಗೋಳ ಕಚೇರಿಯಲ್ಲಿ ಒಂದು ಶತಮಾನ ಮೊದಲು ಮುಖ್ಯಸ್ಥನಾಗಿದ್ದವನು ಭಾರತೀಯ ಮನೆತನದ ಗೌತಮ ಸಿದ್ಧ. ಚೀನೀಯರ ಬಾಯಲ್ಲಿ ಛುಟಾನ್ ಶಿಡಾ. ನವಗ್ರಹಗಳ ಗಣಿತವನ್ನು 718ರಲ್ಲಿ ಚೀನೀ ಭಾಷೆಗೆ ತಂದವನೂ, ಆಕಾಶದ ಶಕುನಗಳ ದೊಡ್ಡ ಸಂಕಲನವನ್ನು ಮಾಡಿದವನೂ ಅವನೇ. ನಮ್ಮ ಪಂಚಾಂಗಕ್ಕೂ ಅವರ ಪಂಚಾಂಗಕ್ಕೂ ಅಷ್ಟು ಹಳೆಯ ನಂಟಿದೆ.

ಐ ಚಿಂಗ್ ಎಂದು ನಮ್ಮಲ್ಲಿ ಕೆಲವರಿಗೆ ಪರಿಚಿತವಾದ ಹಳೆಯ ಶಕುನಗ್ರಂಥ ‘ಯಿ ಜಿಂಗ್’ನಲ್ಲಿ ಆರು ಗೆರೆಗಳ ಅರವತ್ತನಾಲ್ಕು ಆಕೃತಿಗಳಿವೆ. ಮೂಲದ ಮಾತುಗಳನ್ನು ಓದಿ ಇಂಥ ದಿನ ಎಂದು ಹೇಳಲಾಗುವುದಿಲ್ಲ. ಹಾನ್ ಕಾಲದ ಜಿಂಗ್ ಫಾಂಗ್ ಎಂಬ ಪಂಡಿತ ಆ ಆಕೃತಿಗಳಿಗೂ ಪಂಚಾಂಗಕ್ಕೂ ಗಂಟು ಹಾಕಿದ. ಪ್ರತಿ ಗೆರೆಗೂ ಒಂದು ಕಾಂಡ, ಒಂದು ಶಾಖೆ. ರಾಜಕೀಯದ ಸುಳಿಗೆ ಸಿಕ್ಕಿ ಕ್ರಿ.ಪೂ. 37ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅವನು ಹಾಕಿದ ಗಂಟು ಮಾತ್ರ ಇಂದಿಗೂ ಬಿಚ್ಚಿಲ್ಲ. ಹಾಂಗ್‌ಕಾಂಗಿನಲ್ಲೋ ತೈವಾನಿನಲ್ಲೋ ಮೂರು ನಾಣ್ಯಗಳನ್ನು ಆರು ಸಲ ಚೆಲ್ಲಿ ಫಲ ಹೇಳುವವರು ಬಳಸುವುದು ಆ ದಾರಿಯನ್ನೇ.

ಆ ದಾರಿಯಲ್ಲಿ ಮೊದಲು ಕೇಳಿದ ವಿಷಯಕ್ಕೆ ತಕ್ಕ ಗೆರೆಯನ್ನು ಗುರುತಿಸುತ್ತಾರೆ. ದುಡ್ಡಿನ ಪ್ರಶ್ನೆಗೆ ಐಶ್ವರ್ಯದ ಗೆರೆ, ಕಾಗದಪತ್ರಕ್ಕೆ ತಂದೆತಾಯಿಯ ಗೆರೆ, ನೌಕರಿಗೆ ಅಧಿಕಾರಿಯ ಗೆರೆ, ಔಷಧಕ್ಕೆ ಮಕ್ಕಳ ಗೆರೆ. ಆಮೇಲೆ ಆ ಗೆರೆಯ ಶಾಖೆಯನ್ನು ಅಂದಿನ ದಿನ ಮತ್ತು ತಿಂಗಳ ಪಕ್ಕಕ್ಕಿಟ್ಟು ನೋಡುತ್ತಾರೆ. ಇಲ್ಲಿ ತಿಂಗಳೆಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸುವ ಚಾಂದ್ರಮಾನದ್ದಲ್ಲ, ಸೂರ್ಯನ ನಡೆಗೆ ಕಟ್ಟಿದ್ದು. ಫೆಬ್ರವರಿ 4ರ ಸುಮಾರಿಗೆ ಬರುವ ‘ಲಿ ಚುನ್’, ಅಂದರೆ ವಸಂತದ ಹೊಸ್ತಿಲಿನಿಂದ ಮೊದಲ ತಿಂಗಳು ಶುರು. ಬೀದಿಯಲ್ಲಿ ಪಟಾಕಿ ಸಿಡಿಸುವ ಹೊಸವರ್ಷ ಬೇರೆ, ಶಕುನಗಾರನ ಹೊಸವರ್ಷ ಬೇರೆ.

ಒಬ್ಬನಿಗೆ ಕೊಟ್ಟ ಸಾಲ ಯಾವಾಗ ವಾಪಸ್ ಬರುತ್ತದೆ ಎಂದು ಕೇಳಿದಿರಿ ಎಂದುಕೊಳ್ಳಿ. ಕೇಳಿದ ದಿನ ಡಿಂಗ್‌ಮಾವ್, ಅರವತ್ತರ ಸುತ್ತಿನಲ್ಲಿ ನಾಲ್ಕನೆಯದು. ನಿಮ್ಮ ಐಶ್ವರ್ಯದ ಗೆರೆಗೆ ಬಂದಿರುವ ಶಾಖೆ ಹಾಯ್. ಹತ್ತು ದಿನಕ್ಕೆ ಒಂದು ವಾರ ಎನ್ನುವುದು ಶಾಂಗ್ ಕಾಲದಿಂದ ಬಂದ ಲೆಕ್ಕ. ಒಂದು ವಾರದಲ್ಲಿ ಕಾಂಡ ಹತ್ತೂ ಮುಗಿಯುತ್ತವೆ, ಶಾಖೆ ಹನ್ನೆರಡರಲ್ಲಿ ಎರಡಕ್ಕೆ ಜಾಗ ಸಿಗುವುದಿಲ್ಲ. ಡಿಂಗ್‌ಮಾವ್ ಇರುವ ವಾರದಲ್ಲಿ ಹೀಗೆ ಹೊರಗುಳಿದವು ಶು ಮತ್ತು ಹಾಯ್. ಶಕುನಗಾರನ ಮಾತಿನಲ್ಲಿ ಅವು ಆ ವಾರಕ್ಕೆ ‘ಶೂನ್ಯ’. ನಿಮ್ಮ ದುಡ್ಡಿನ ಗೆರೆಯೇ ಶೂನ್ಯದಲ್ಲಿ ಕೂತಿದೆ. ದುಡ್ಡು ಬರುವುದೇ ಇಲ್ಲವೆಂದಲ್ಲ, ಈ ವಾರ ಅದಕ್ಕೆ ಕಾಲಿಡಲು ನೆಲವಿಲ್ಲ. ವಾರ ಕಳೆದು ಮುಂದಿನದರ ಎರಡನೆಯ ದಿನ ಯಿಹಾಯ್. ಅಂದು ಹಾಯ್‌ಗೆ ಜಾಗ ಸಿಗುತ್ತದೆ. ಹಾಗಾಗಿ ಉತ್ತರ: ಎಂಟು ದಿನ ಬಿಟ್ಟು.

ಉಳಿದ ನಿಯಮಗಳ ಜಾಡೂ ಇದೇ. ಗೆರೆ ಅಲುಗದೆ ಮಲಗಿದ್ದರೆ, ಅದರದೇ ಹೆಸರಿನ ದಿನ ಇಲ್ಲವೇ ಅದರ ಎದುರಾಳಿಯ ದಿನ ಅದನ್ನು ಎಬ್ಬಿಸುತ್ತದೆ. ನಾಣ್ಯ ಬಿದ್ದ ರೀತಿಯಿಂದ ಗೆರೆ ಚಲಿಸುತ್ತಿದ್ದರೆ ಅದನ್ನು ಎಬ್ಬಿಸಬೇಕಾಗಿಲ್ಲ, ಹಿಡಿದು ನಿಲ್ಲಿಸಬೇಕು; ಅದರ ಸಂಗಾತಿಯ ದಿನ ಆ ಕೆಲಸ ಮಾಡುತ್ತದೆ. ಸಂಗಾತಿಯ ಅಪ್ಪುಗೆಯಲ್ಲೇ ಸಿಕ್ಕಿಬಿದ್ದಿದ್ದರೆ ಎದುರಾಳಿ ಬಂದು ಬಿಡಿಸಬೇಕು. ನೀರಿಗೆ ಚೆನ್ ಎಂಬ ಶಾಖೆ ‘ಗೋರಿ’. ನೀರಿನ ಗೆರೆ ಅಲ್ಲಿ ಹೂತುಹೋಗಿದ್ದರೆ ಚೆನ್‌ನ ಎದುರಾಳಿಯಾದ ಶು ಬಂದ ದಿನ ಗೋರಿಯ ಬಾಯಿ ತೆರೆಯುತ್ತದೆ. ಪುಸ್ತಕಗಳಲ್ಲಿ ಈ ನಿಯಮಗಳು ಉದ್ದುದ್ದ ಪಟ್ಟಿಯಾಗಿ ಬಂದು ಕಲಿಯುವವರ ತಲೆ ತಿನ್ನುತ್ತವೆ. ನಿಜಕ್ಕೂ ಅಲ್ಲಿರುವ ವಿಚಾರ ಒಂದೇ: ಫಲಕ್ಕೆ ಏನು ಅಡ್ಡ ಬಂದಿದೆ ಎಂದು ಮೊದಲು ಕಂಡುಕೋ, ಆ ಅಡ್ಡಿ ಸರಿಯುವ ದಿನವನ್ನು ಪಂಚಾಂಗದಲ್ಲಿ ಹುಡುಕು. ಕಾಯುವ ಮನುಷ್ಯನ ಸಂಕಟವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಶಕುನಶಾಸ್ತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾಕೆ ತಡ ಎನ್ನುವುದಕ್ಕೂ ಯಾವಾಗ ಎನ್ನುವುದಕ್ಕೂ ಅಲ್ಲಿ ಉತ್ತರ ಒಂದೇ.

ಇಷ್ಟಾದರೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಹಾಯ್ ಎಂದರೆ ಹಾಯ್ ದಿನವೇ ಏಕೆ? ಹಾಯ್ ತಿಂಗಳು ನವೆಂಬರ್ ಮೊದಲ ವಾರ ಶುರುವಾಗುತ್ತದೆ. ಹಾಯ್ ವರ್ಷ 2031ಕ್ಕೆ ಬರುತ್ತದೆ. ಮೂರರಲ್ಲಿ ಯಾವುದು? ನಾಣ್ಯಗಳು ಇದನ್ನು ಹೇಳುವುದಿಲ್ಲ. ಹತ್ತಿರದ ವಿಷಯಕ್ಕೆ ದಿನ ಮತ್ತು ಹೊತ್ತು, ದೂರದ್ದಕ್ಕೆ ತಿಂಗಳು ಮತ್ತು ವರ್ಷ ಎಂದಷ್ಟೇ ಪುಸ್ತಕಗಳು ಹೇಳುತ್ತವೆ. ಹತ್ತಿರ ಯಾವುದು, ದೂರ ಯಾವುದು ಎನ್ನುವುದು ಹೇಳುವವನ ವಿವೇಕಕ್ಕೆ ಬಿಟ್ಟದ್ದು.

ಈ ವಿವೇಕದ ಬಗ್ಗೆ ಚೀನಾದಲ್ಲಿ ಒಂದು ಕಥೆಯಿದೆ. ಸೋಂಗ್ ಕಾಲದ ತತ್ವಜ್ಞಾನಿ ಶಾವ್ ಯೋಂಗ್ 1077ರಲ್ಲಿ ತೀರಿಕೊಂಡವನು, ಲುವೋಯಾಂಗ್‌ನಲ್ಲಿ ಬಾಳಿದವನು. ‘ಮೇಯ್‌ಹ್ವಾ’ ಎಂಬ ಶಕುನ ಪದ್ಧತಿ ಅವನದೆಂದು ಪರಂಪರೆ ನಂಬುತ್ತದೆ, ವಿದ್ವಾಂಸರು ಅನುಮಾನಿಸುತ್ತಾರೆ. ಚಳಿಗಾಲದ ಒಂದು ಸಂಜೆ ಅವನ ಮನೆಯ ಬಾಗಿಲನ್ನು ಯಾರೋ ಮೊದಲು ಒಂದು ಸಲ, ಆಮೇಲೆ ಐದು ಸಲ ತಟ್ಟಿದರು. ಏನನ್ನೋ ಎರವಲು ಕೇಳಲು ಬಂದ ನೆರೆಯವನು. ಏನೆಂದು ಹೇಳಬೇಡ ಎಂದು ಅವನನ್ನು ತಡೆದು, ಶಾವ್ ಯೋಂಗ್ ಮಗನಿಗೆ ಲೆಕ್ಕ ಹಾಕಲು ಹೇಳಿದ. ತಟ್ಟಿದ ಎಣಿಕೆಯಿಂದ ಒಂದು ಆಕೃತಿ ಬಂತು. ಅದರಲ್ಲಿ ಲೋಹವೂ ಇತ್ತು, ಮರವೂ ಇತ್ತು. ಲೋಹ ಗಿಡ್ಡ, ಮರ ಉದ್ದ. ‘ಗುದ್ದಲಿ’ ಎಂದ ಮಗ. ‘ಅಲ್ಲ, ಕೊಡಲಿ’ ಎಂದ ಅಪ್ಪ. ನೆರೆಯವನು ಕೇಳಲು ಬಂದದ್ದು ಕೊಡಲಿಯನ್ನೇ. ಇಬ್ಬರಿಗೂ ಬಂದ ಲೆಕ್ಕ ಒಂದೇ. ಆದರೆ ಚಳಿಯ ರಾತ್ರಿ ಗುದ್ದಲಿ ಹಿಡಿದು ಯಾರು ಅಗೆಯುತ್ತಾರೆ? ಸೌದೆ ಸೀಳಲು ಕೊಡಲಿ ಬೇಕು. ಬರೀ ಎಣಿಕೆ ಸಾಲದು, ಹೊತ್ತನ್ನೂ ನೋಡಬೇಕು ಎಂದು ಅಪ್ಪ ಮಗನಿಗೆ ತಿಳಿಹೇಳಿದ.

ಈ ಕಥೆ ಬರುವ ಮೇಯ್‌ಹ್ವಾ ಪದ್ಧತಿಯ ಪುಸ್ತಕದ ಇನ್ನೊಂದು ಪ್ರಸಂಗದಲ್ಲಿ ಆಕೃತಿ ಹುಟ್ಟುವುದೇ ಹೊತ್ತಿನಿಂದ. ಹೂಬಿಟ್ಟ ಮರದ ಕೊಂಬೆಯಿಂದ ಎರಡು ಗುಬ್ಬಿಗಳು ಜಗಳವಾಡುತ್ತ ನೆಲಕ್ಕೆ ಬಿದ್ದವು. ಶಾವ್ ಯೋಂಗ್ ಅಂದಿನ ಕಾಲವನ್ನು ಅಂಕಿಗೆ ಇಳಿಸಿದ. ಚೆನ್ ವರ್ಷಕ್ಕೆ 5, ತಿಂಗಳು 12, ದಿನ 17, ಒಟ್ಟು 34. ಎಂಟರಿಂದ ಭಾಗಿಸಿದರೆ ಶೇಷ 2, ಅದು ಎಳೆಯ ಹುಡುಗಿಯನ್ನು ಸೂಚಿಸುವ ದುಯ್. ಶೆನ್ ಹೊತ್ತಿನ 9 ಸೇರಿಸಿದರೆ 43, ಎಂಟರಿಂದ ಭಾಗಿಸಿ ಶೇಷ 3, ಅದು ಬೆಂಕಿ. ಆರರಿಂದ ಭಾಗಿಸಿ ಶೇಷ 1, ಕೆಳಗಿನ ಮೊದಲ ಗೆರೆ ಚಲಿಸುತ್ತದೆ. ನಾಳೆ ಸಂಜೆ ಹುಡುಗಿಯೊಬ್ಬಳು ಹೂ ಕೀಳಲು ಬಂದು, ತೋಟದವನು ಅಟ್ಟಿದಾಗ ಬಿದ್ದು ತೊಡೆಗೆ ಪೆಟ್ಟು ಮಾಡಿಕೊಳ್ಳುತ್ತಾಳೆ ಎಂದ. ಹಾಗೇ ಆಯಿತಂತೆ. ಹುಡುಗಿ ಯಾಕೆ, ತೊಡೆ ಯಾಕೆ, ಪ್ರಾಣಕ್ಕೆ ಯಾಕೆ ಅಪಾಯವಿಲ್ಲ ಎಂಬುದಕ್ಕೆಲ್ಲ ಪುಸ್ತಕ ಒಂದೊಂದಾಗಿ ಕಾರಣ ಕೊಡುತ್ತದೆ. ‘ನಾಳೆ ಸಂಜೆ’ ಎಂದು ಹೇಗೆ ಗೊತ್ತಾಯಿತು ಎಂಬುದಕ್ಕೆ ಮಾತ್ರ ಕಾರಣವೇ ಇಲ್ಲ! ಕಷ್ಟದ ಪ್ರಶ್ನೆ ಯಾವುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೇರೆ ಕಡೆ ಆ ಪುಸ್ತಕ ಕೇಳುವವನ ಭಂಗಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಡೆಯುತ್ತ ಕೇಳಿದರೆ ಫಲ ಬೇಗ, ಬಂದ ಸಂಖ್ಯೆಯನ್ನು ಅರ್ಧ ಮಾಡು; ಕೂತು ಕೇಳಿದರೆ ನಿಧಾನ, ಎರಡರಷ್ಟು ಮಾಡು.

ನಾಣ್ಯಗಳಿಗೆ ದಿನ ಗೊತ್ತಿರುತ್ತದೆ ಎಂದು ನಾನು ನಂಬುವುದಿಲ್ಲ. ಈ ಅನುಮಾನ ಹೊರಗಿನವರದೇ ಆಗಬೇಕಿಲ್ಲ. ಮೊದಲ ಶತಮಾನದ ವಾಂಗ್ ಚೊಂಗ್ ಕಡ್ಡಿ ಮತ್ತು ಆಮೆಚಿಪ್ಪಿನ ಶಕುನಗಳ ಮೇಲೆ ಒಂದು ಅಧ್ಯಾಯ, ಒಳ್ಳೆಯ ದಿನ ಕೆಟ್ಟ ದಿನ ಎನ್ನುವವರ ಮೇಲೆ ಇನ್ನೊಂದು ಅಧ್ಯಾಯ ಬರೆದು ಎರಡನ್ನೂ ಬಿಡದೆ ಪ್ರಶ್ನಿಸಿದ. ಲೆಕ್ಕ ಹಾಕಿ ನೋಡಿದರೂ ತೊಡಕು ಕಾಣುತ್ತದೆ. ನಮ್ಮ ಸಾಲದ ಉದಾಹರಣೆಗೆ ಯಿಹಾಯ್ ದಿನ ಒಂದೇ ಉತ್ತರವಲ್ಲ. ಎದುರಾಳಿ ಬಂದು ಶೂನ್ಯವನ್ನು ಬಡಿದೆಬ್ಬಿಸಿದರೂ ಫಲ ಎನ್ನುವ ನಿಯಮವಿದೆ, ಆಗ ಎರಡೇ ದಿನಕ್ಕೆ ಬರುವ ಜಿಸಿಯೂ ಸರಿಯೇ. ಸಂಗಾತಿಯ ದಿನ, ಗೋರಿಯ ದಿನ ಎಂದು ಸೇರಿಸುತ್ತ ಹೋದರೆ ಹನ್ನೆರಡು ದಿನಗಳಲ್ಲಿ ಮೂರು ನಾಲ್ಕಕ್ಕೆ ಯಾವುದಾದರೊಂದು ನಿಯಮದ ಬೆಂಬಲ ಸಿಗುತ್ತದೆ. ದುಡ್ಡು ಬಂದ ಮೇಲೆ ಹಿಂದೆ ತಿರುಗಿ ನಿಯಮ ಹುಡುಕಲು ಹೊರಟರೆ ಸಿಗದೆ ಇರುವುದೇ ಅಪರೂಪ.

ಕಾಲಕ್ಕೆ ಗುಣ ಹಚ್ಚುವುದು ಒಬ್ಬರ ಪ್ರಶ್ನೆಗೆ ನಿಲ್ಲದೆ ಇಡೀ ಸಮಾಜದ ನಂಬಿಕೆಯಾದರೆ ಆಗುವ ಕೆಡುಕು ಬೇರೆಯೇ. ಇದೇ ಅರವತ್ತರ ಸುತ್ತು ಜಪಾನಿಗೂ ಹೋಯಿತು. ಬಿಂಗ್‌ವು, ಅಂದರೆ ಬೆಂಕಿ ಕುದುರೆಯ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಮಾರಕ ಎಂಬ ಮೂಢನಂಬಿಕೆ ಅಲ್ಲಿ ಬೇರೂರಿತು. 1966 ಅಂಥ ವರ್ಷ. ಆ ಒಂದೇ ವರ್ಷ ಜಪಾನಿನಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಾಲುಭಾಗದಷ್ಟು ಇಳಿದು, ಮರುವರ್ಷ ಮತ್ತೆ ಏರಿತು. ಬುಲೆಟ್ ರೈಲು ಓಡಿಸುತ್ತಿದ್ದ, ಎಲ್ಲರಿಗೂ ಓದುಬರಹ ಬರುತ್ತಿದ್ದ ದೇಶದಲ್ಲಿ ನಡೆದದ್ದು ಇದು. 2026 ಮತ್ತೆ ಅದೇ ಹೆಸರಿನ ವರ್ಷ.

ಈ ವಿದ್ಯೆಯನ್ನು ಒಳಗಿನಿಂದಲೇ ಒರೆಗೆ ಹಚ್ಚಿದವರಲ್ಲಿ ನಾನು ಹೆಚ್ಚು ಗೌರವಿಸುವುದು ‘ಕಾಡುಕೊಕ್ಕರೆಯ ಮುದುಕ’ ಎಂಬ ಅಂಕಿತದಲ್ಲಿ ಬರೆದವನನ್ನು. 17ನೇ ಶತಮಾನದ ಕೊನೆಗೆ, ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ಬಂದ ‘ಜೆಂಗ್‌ಶಾನ್ ಬುಯಿ’ ಅವನ ಪುಸ್ತಕ. ಅದರಲ್ಲಿ ಪ್ರಸಂಗದ ಮೇಲೆ ಪ್ರಸಂಗ: ಇಂಥ ತಿಂಗಳು, ಇಂಥ ದಿನ, ಇಂಥ ಪ್ರಶ್ನೆ, ಬಿದ್ದ ಆಕೃತಿ, ಕೊನೆಗೆ ಯಾವ ದಿನ ಏನಾಯಿತು. ಹಿಂದಿನ ಪುಸ್ತಕಗಳಲ್ಲಿ ತುಂಬಿದ್ದ ನಕ್ಷತ್ರದೋಷಗಳಂಥ ಎಷ್ಟೋ ನಿಯಮಗಳನ್ನು, ಪರೀಕ್ಷಿಸಿ ನೋಡಿದೆ, ಫಲಿಸಲಿಲ್ಲ ಎಂದು ಅವನು ತಳ್ಳಿಹಾಕುತ್ತಾನೆ. ಗುರು ಹೇಳಿದ್ದಾನೆ ಎನ್ನುವುದು ಅವನಿಗೆ ಸಾಕಾಗುವುದಿಲ್ಲ.

ಈಗ ಆಕೃತಿ ಬರೆಯುವ, ಶೂನ್ಯ ಗುರುತಿಸುವ, ಶಾಖೆ ಹಚ್ಚುವ ಕೆಲಸವನ್ನೆಲ್ಲ ಮೊಬೈಲಿನ ಆ್ಯಪ್‌ಗಳು ಕ್ಷಣದಲ್ಲಿ ಮಾಡಿಕೊಡುತ್ತವೆ. ದಿನವೋ ತಿಂಗಳೋ ವರ್ಷವೋ ಎಂಬ ತೀರ್ಮಾನ ಇನ್ನೂ ಮನುಷ್ಯನದೇ. ಕಲಿಯುವವರಿಗೆ ಈಗಲೂ ಟಿಪ್ಪಣಿ ಪುಸ್ತಕ ಇಡಲು ಹೇಳುವುದುಂಟು: ಕೇಳಿದ ದಿನ, ಬಿದ್ದ ಗೆರೆ, ಹೇಳಿದ ದಿನ, ಆದದ್ದು. ಮೂರನೆಯದನ್ನು ನಾಲ್ಕನೆಯದು ಗೊತ್ತಾಗುವ ಮೊದಲೇ ಬರೆದಿರಬೇಕು, ಎರಡು ದಿನ ಸಾಧ್ಯವಿದ್ದರೆ ಒಂದನ್ನು ಆರಿಸಿ ಬರೆದಿರಬೇಕು. ತಪ್ಪಿದ್ದನ್ನೂ ಸರಿಯಾದದ್ದರ ಪಕ್ಕದಲ್ಲೇ ಎಣಿಸಬೇಕು. ಹಾಗೆ ಇಟ್ಟ ಪುಸ್ತಕವನ್ನು ತೋರಿಸಬಲ್ಲವರ ಮಾತನ್ನು, ಒಪ್ಪದಿದ್ದರೂ, ನಾನು ಕೂತು ಕೇಳುತ್ತೇನೆ.